ಬೀಗರಿಗೆ ತುಟ್ಟಿ ಎಣ್ಣೆ ಕೊಡದ ಮಾವನವರು

ನಮ್ಮ ಮಾವನವರ ಬಲಗೈ ಕಿರುಬೆರಳಿನ ಉಗುರು ಮಾತ್ರ ಉದ್ದ ಇತ್ತು. ಉಳಿದ ಉಗುರುಗಳನ್ನು ವಾರಕ್ಕೊಮ್ಮೆ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದರು, ಇದೊಂದನ್ನು ಬಿಡುತ್ತಿದ್ದರು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಅದು ಜೇನಿನ ಬಣ್ಣಕ್ಕೆ ತಿರುಗಿತ್ತು. ಅಳತೆಯ ಮಾಪಿನಿಂದ ಗಿರಾಕಿಯ ಕ್ಯಾನಿಗೆ ಇಂಜಿನ್ ಆಯಿಲ್ ಸುರಿದಾಗ ಕೊನೆಯಲ್ಲಿ ಒಂದು ಎಳೆ ಉಳಿಯುತ್ತದೆ. ಮಾಪನ್ನು ಎತ್ತಿದರೆ ಅದು ಜೋತಾಡಿ ಎಲ್ಲಿ ಬೇಕಾದಲ್ಲಿ ಬೀಳುತ್ತದೆ. ಮಾವನವರು ಆ ಎಳೆಯನ್ನು ಉಗುರಿನಿಂದ, ದಾರ ಕತ್ತರಿಸಿದಂತೆ, ಕತ್ತರಿಸುತ್ತಿದ್ದರು. ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಉಟ್ಟ ಬಿಳಿ ಧೋತರ ಸಂಜೆ ಮನೆಗೆ ಬರುವಾಗಲೂ ಬಿಳಿಯೇ ಇರುತ್ತಿತ್ತು. ಎಣ್ಣೆ ಅಂಗಡಿಯವರ ಧೋತರ ಹೀಗಿರುವುದು ಗಾಂಧಿ ಚೌಕದ ವ್ಯಾಪಾರಸ್ಥರಲ್ಲಿ ಒಂದು ಮಾತಾಗಿತ್ತು. ಆ ಮಾತು ಮಾವನವರ ಕಿವಿಗೂ ಬಿದ್ದಿತ್ತು. ಅದರಿಂದ ಅವರಿಗೆ ಸಂತೋಷವೇ ಆಗಿತ್ತು.

ಅವರು ತೀರಿಹೋಗಿ ಇನ್ನೂ ಬಹಳ ದಿನ ಆಗಿಲ್ಲ. ಹೋಗುವಾಗ ಅಂಗಡಿಯಲ್ಲಿ ಅವರ ಜೊತೆ ಇದ್ದವಳು ನಾನೊಬ್ಬಳೇ. ಬಂದವರೆಲ್ಲ ಅದನ್ನೇ ಕೇಳಿದರು, ನಾನೂ ಹೇಳಿದೆ. ಹೇಳುತ್ತ ಹೇಳುತ್ತ ಮಾತು ತಾನಾಗಿ ಬೆಳೆಯುತ್ತಿದೆ ಅನ್ನಿಸಿ ಒಂದು ದಿನ ಹೇಳುವುದನ್ನು ನಿಲ್ಲಿಸಿದೆ. ಅದಕ್ಕೇ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ.

ಗಾಂಧಿ ಚೌಕದಿಂದ ಒಳಗೆ ಹೊರಳುವ ಒಂದು ಗಲ್ಲಿಯಲ್ಲಿ ನಮ್ಮ ಅಂಗಡಿ. ಮನೆ ಸಿದ್ಧೇಶ್ವರ ಗುಡಿಯ ಹಿಂದೆ. ನನ್ನ ಗಂಡ ಬ್ಯಾಂಕಿನ ನೌಕರಿ ಹಿಡಿದವರು, ಅಂಗಡಿಯ ವಾಸನೆ ಅವರಿಗೆ ಹಿಡಿಸದು. ನಾನು ತಿಕೋಟಾದ ದ್ರಾಕ್ಷಿ ತೋಟದವರ ಮಗಳು. ಮಾವನವರ ಕಣ್ಣಿನ ಪೊರೆ ತೆಗೆಸಿದಾಗ ಡಬ್ಬಿಯ ಮೇಲಿನ ಅಕ್ಷರ ಓದಿ ಹೇಳಲು ಯಾರಾದರೂ ಬೇಕಾಗಿತ್ತು. ಊಟದ ಬುತ್ತಿ ಕೊಡಲು ಹೋದವಳು ಕೂತು ಓದಿ ಹೇಳಿದೆ. ಕಣ್ಣು ನೆಟ್ಟಗಾದ ಮೇಲೂ ಅವರು ನನ್ನನ್ನು ಏಳು ಎನ್ನಲಿಲ್ಲ, ನಾನೂ ಏಳಲಿಲ್ಲ. ಇಂಜಿನ್ ಆಯಿಲ್ ಮಾರುವ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಸೊಸೆ ಕೂತದ್ದನ್ನು ಓಣಿಯವರು ಸ್ವಲ್ಪ ದಿನ ನೋಡಿದರು, ಆಮೇಲೆ ಬಿಟ್ಟರು.

ಅವರಿಗೆ ಕೆಲವು ಅಭ್ಯಾಸಗಳಿದ್ದವು. ಬ್ಯಾರಲ್ಲಿನಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯಲು ಕೋಲು ಇಳಿಸುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ಆಗ ಯಾರೂ ಮಾತಾಡಬಾರದು. ಇನ್ನೊಂದು, ಗಿರಾಕಿ ಬಂದು ಆಯಿಲ್ ಎಂದ ಕೂಡಲೇ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ವಿಚಾರಣೆ.

“ಗಾಡಿ ಯಾವುದು? ವಯಸ್ಸೆಷ್ಟು? ಏನು ಎಳಿತೈತಿ?”

ಇಟ್ಟಂಗಿಹಾಳದ ಒಬ್ಬ ಟೆಂಪೋ ಚಾಲಕ, ನಮ್ಮ ಕಾಯಂ ಗಿರಾಕಿ, ಇದಕ್ಕೆ ರೇಗುತ್ತಿದ್ದ. “ಯಜಮಾನ್ರ, ನಾ ಆಯಿಲ್ ಒಯ್ಯಾಕ ಬಂದೇನಿ. ಕನ್ಯಾ ನೋಡಾಕ ಬಂದಿಲ್ಲ.”

“ಕನ್ಯಾ ಒಪ್ಪದಿದ್ರ ಇನ್ನೊಂದು ಮನಿಗೆ ಹೋಗಬಹುದಪಾ,” ಎನ್ನುತ್ತಿದ್ದರು ಮಾವನವರು. “ಇಂಜಿನ್ ಒಪ್ಪದಿದ್ರ ನಡು ರಸ್ತಾದಾಗ ಕುಂದರಬೇಕಾಗ್ತೈತಿ. ಹೇಳು, ವಯಸ್ಸೆಷ್ಟು?”

ಅವರು ವಿನಯದ ಮನುಷ್ಯ ಅಲ್ಲ. ಮಾತಿನಲ್ಲಿ ಗೆಲ್ಲುವುದು ಅವರಿಗೆ ಊಟದಷ್ಟೇ ಇಷ್ಟ. ಒಳ್ಳೆಯ ಉತ್ತರ ತಡವಾಗಿ ಹೊಳೆದರೆ, ಗಿರಾಕಿ ಗಲ್ಲಿಯ ತುದಿ ಮುಟ್ಟಿದ್ದರೂ ಕೂಗಿ ಕರೆದು, ಅದನ್ನು ಹೇಳಿಯೇ ಕಳಿಸುತ್ತಿದ್ದರು. ಕರೆಸಿಕೊಂಡವರು ಏನೋ ಮರೆತು ಬಿಟ್ಟಿದ್ದೇವೆ ಎಂದು ಓಡಿ ಬಂದು, ಒಂದು ಮಾತು ಕೇಳಿಸಿಕೊಂಡು, ನಗುತ್ತ ಬಯ್ಯುತ್ತ ಹೋಗುತ್ತಿದ್ದರು.

ಅಂಗಡಿಯಲ್ಲಿ ದಿನವೂ ಏಳುತ್ತಿದ್ದ ಪ್ರಶ್ನೆ ಒಂದೇ. ಇದೂ ಆಯಿಲ್, ಅದೂ ಆಯಿಲ್, ಎರಡೂ ಹಳದಿ. ಇದಕ್ಕೆ ಇಷ್ಟು, ಅದಕ್ಕೆ ಅದರ ಮೂರು ಪಟ್ಟು, ಯಾಕೆ? ಮಾವನವರು ಬಹಳ ವರ್ಷ ಒಂದೇ ಉತ್ತರ ಕೊಟ್ಟರು. “ಡಬ್ಬಿ ಮ್ಯಾಲಿನ ಚಿತ್ರದ ರೊಕ್ಕಾರೀ ಅದು.” ಸಿಂಥೆಟಿಕ್ ಎಂದು ಬರೆದ ತುಟ್ಟಿ ಡಬ್ಬಿಗಳನ್ನು ಅವರು ತರಿಸುತ್ತಲೇ ಇರಲಿಲ್ಲ. ಆದರೆ ಹೊಸ ಕಾರುಗಳು ಬಂದವು, ಆ ಕಾರಿನವರು ಅದೇ ಬೇಕು ಎಂದರು, ಮೆಕ್ಯಾನಿಕರೂ ಅದೇ ಹೇಳಿದರು. ಕಂಪನಿಯ ಮಾತನ್ನು ಅವರು ನಂಬುವವರಲ್ಲ, ಗಿರಾಕಿಯ ಮಾತನ್ನು ತಳ್ಳಿ ಹಾಕುವವರೂ ಅಲ್ಲ. ಒಂದು ದಿನ ಔಷಧದ ಎರಡು ಸಣ್ಣ ಬಾಟಲಿ ತೊಳೆದು ಒಣಗಿಸಿ, ಒಂದರಲ್ಲಿ ನಾವು ದಿನಾ ಮಾರುವ ದಪ್ಪ ಎಣ್ಣೆ ಟ್ವೆಂಟಿ-ಫಾರ್ಟಿ, ಇನ್ನೊಂದರಲ್ಲಿ ಎಲ್ಲಿಂದಲೋ ತಂದ ತುಟ್ಟಿ ಎಣ್ಣೆ ಝೀರೋ-ಟ್ವೆಂಟಿ ತುಂಬಿ, ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಬರ್ಫ ಆಗುವ ಕಡೆ ಇಟ್ಟರು.

ಮರುದಿನ ಅತ್ತೆ ಹಾಲು ತೆಗೆಯಲು ಹೋಗಿ ಕಿರುಚಿದರು. “ಇದು ಮನಿಯೋ ಗ್ಯಾರೇಜೋ? ನಾಳೆ ದೇವರ ಮನ್ಯಾಗ ಟೈರ್ ತಂದಿಡ್ತೀರೇನು?”

ಮಾವನವರು ಬಾಟಲಿಗಳನ್ನು ಅಡ್ಡ ಹಿಡಿದರು. ಟ್ವೆಂಟಿ-ಫಾರ್ಟಿ ಬೆಲ್ಲದ ಪಾಕದಂತೆ ಗಾಜಿಗೆ ಅಂಟಿ ಕೂತಿತ್ತು. ಝೀರೋ-ಟ್ವೆಂಟಿ ನೀರಿನಂತೆ ಹರಿದಾಡಿತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: “ಇಷ್ಟು ವರ್ಷ ನಾ ಮಂದಿಗೆ ಅರ್ಧಾನ ಹೇಳೇನಿ ಬೇ.”

ಅವತ್ತಿನಿಂದ ಉತ್ತರ ಬದಲಾಯಿತು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಅವರ ಉಸಿರು ಎಲ್ಲಿ ನಿಲ್ಲುತ್ತಿತ್ತು ಎಂಬುದೂ ನೆನಪಿದೆ. ನೆಲದಿಂದ ಬಂದದ್ದನ್ನು ಸೋಸಿ ಕೊಡುವುದು ಒಂದು ಬಗೆ. ಅದನ್ನೇ ಒಡೆದು, ಮತ್ತೆ ಕಟ್ಟಿ ಕೊಡುವುದು ಇನ್ನೊಂದು ಬಗೆ. ಸೋಸಲು ಕೂಲಿ ಕಡಿಮೆ, ಕಟ್ಟಲು ಕೂಲಿ ಹೆಚ್ಚು. ಆಮೇಲೆ ಅದರೊಳಗೆ ಹಾಕುವ ಔಷಧ: ಕರಿ ತೊಳೆಯಲು, ತುಕ್ಕು ತಡೆಯಲು, ಬಿಸಿಯಲ್ಲಿ ತೀರ ತೆಳುವಾಗದಂತೆ ಹಿಡಿಯಲು. ಔಷಧ ಹೆಚ್ಚಾದಷ್ಟು ಬೆಲೆ ಹೆಚ್ಚು. ಅದರ ಮೇಲೆ, ಈ ಇಂಜಿನ್ನಿಗೆ ಇದು ನಡೆಯುತ್ತದೆ ಎಂದು ಓಡಿಸಿ ಪರೀಕ್ಷೆ ಮಾಡಿಸಿದ ಖರ್ಚು. “ಕಡೀಕ ಚಿತ್ರದ ರೊಕ್ಕ,” ಎಂದು ಮುಗಿಸುತ್ತಿದ್ದರು. ಆ ಹಳೆಯ ಮಾತನ್ನು ಪೂರಾ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ತುಟ್ಟಿ ಡಬ್ಬಿಗಳು ಮೇಲಿನ ಹಲಗೆಗೆ ಬಂದವು. ಯಾರಿಗೆ ಕೊಡಬೇಕೋ ಅವರಿಗೇ ಕೊಡುತ್ತಿದ್ದರು. ಬೇಡದವರಿಗೆ, ರೊಕ್ಕ ಮುಂದೆ ಇಟ್ಟರೂ ಕೊಡುತ್ತಿರಲಿಲ್ಲ. ಈ ಹಟದಿಂದಲೇ ನನ್ನ ಎರಡು ಮನೆಗಳ ನಡುವೆ ಬಿರುಕು ಬಿಟ್ಟದ್ದು.

ನಮ್ಮ ಕಡೆ ಕಾರ ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಒಳ್ಳೆಣ್ಣೆ, ಕೋಳಿ ತತ್ತಿ, ಅರಿಶಿನ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಾಯಿ ಎತ್ತಿ ಹಿಡಿದು ಕುಡಿಸುತ್ತಾರೆ. ಮುಂದೆ ವರ್ಷವಿಡೀ ದುಡಿಯುವ ಜೀವಕ್ಕೆ ಅದು ಬಲ. ಆ ಎಣ್ಣೆ ಕೊಳ್ಳುವಾಗ ಯಾರೂ ಚೌಕಾಶಿ ಮಾಡುವುದಿಲ್ಲ. ಇದ್ದುದರಲ್ಲಿ ಒಳ್ಳೆಯದನ್ನು ತರುತ್ತಾರೆ. ನಮ್ಮಪ್ಪ ಆ ವರ್ಷ ಕೊನೆಯ ಜೋಡಿಯನ್ನೂ ಮಾರಿದ್ದ. ಕೈ ದಾಟಿ ಬಂದ ಒಂದು ಹಳೆಯ ಟ್ರ್ಯಾಕ್ಟರು ಕೆಲವು ವರ್ಷಗಳಿಂದ ಮನೆಯಲ್ಲಿತ್ತು. ತೋಟಕ್ಕೆ ಔಷಧ ಹೊಡೆಯಲು, ಉಳಲು, ಎಲ್ಲಕ್ಕೂ ಅದೇ. ಎತ್ತಿಲ್ಲದ ಮೊದಲ ಹೊನ್ನುಗ್ಗಿ. ಅಪ್ಪ ಬೆಳಗಿನ ಬಸ್ಸಿಗೆ ತಲೆಗೆ ಪಟಕಾ ಸುತ್ತಿಕೊಂಡು ನಮ್ಮ ಅಂಗಡಿಗೆ ಬಂದ.

“ಬರ್ರಿ ಬೀಗರ, ಬರ್ರಿ,” ಎಂದು ಮಾವನವರು ಎದ್ದು ನಿಂತರು. ನನಗೆ ಚಹಾ ತರಿಸಲು ಸನ್ನೆ ಮಾಡಿದರು.

ಅಪ್ಪ ಕೂರಲಿಲ್ಲ. ಹಲಗೆಗಳನ್ನು ಮೇಲಿಂದ ಕೆಳಗೆ ನೋಡಿದ. “ಬೀಗರ, ನಿಮ್ಮ ಅಂಗಡ್ಯಾಗ ಎಲ್ಲಾದಕ್ಕಿಂತ ತುಟ್ಟಿ ಆಯಿಲ್ ಯಾವುದೈತಿ, ಅದನ್ನ ಕೊಡ್ರಿ. ಟ್ರ್ಯಾಕ್ಟರಿಗೆ.”

ಮಾವನವರು ನಕ್ಕರು. ನಕ್ಕದ್ದು ಪ್ರೀತಿಯಿಂದ, ನಾನು ಪಕ್ಕದಲ್ಲೇ ಇದ್ದೆ. “ನಿಮ್ಮ ಗಾಡಿಗೆ ಅದು ಬ್ಯಾಡ್ರಿ. ಟ್ವೆಂಟಿ-ಫಾರ್ಟಿ ಸಾಕು. ಅದ ಬೇಕು.”

“ಯಾಕ ಬ್ಯಾಡ?”

ಮಾವನವರಿಗೆ ಉತ್ಸಾಹ ಬಂತು. ಬೀಗರ ಕಸಬಿನಿಂದಲೇ ಉದಾಹರಣೆ ಕೊಡುತ್ತೇನೆಂದು ಹೊರಟರು. “ನಿಮ್ಮ ಒಣದ್ರಾಕ್ಷಿ ನೋಡ್ರಿ. ಒಂದ ಬಳ್ಳಿ, ಒಂದ ಶೆಡ್ಡು. ಆದ್ರೂ ಒಂದಕ್ಕ ಒಂದು ರೇಟು, ಇನ್ನೊಂದಕ್ಕ ಇನ್ನೊಂದು. ಯಾಕ? ಆರಿಸಿದ ಕೂಲಿ. ಕಾಳೆಲ್ಲ ಒಂದ ಅಳತಿ, ಒಂದ ಬಣ್ಣ ಇರೂವಂಗ ಆರಿಸಿದ್ದು ತುಟ್ಟಿ. ಆಯಿಲ್ಲೂ ಹಂಗ.”

“ಮತ್ತ!” ಎಂದ ಅಪ್ಪ. “ಆರಿಸಿದ್ದನ್ನ ಕೊಡ್ರಿ ಅಂತ ನಾನೂ ಅನ್ನಾಕತ್ತೇನಿ!”

ಅವರ ಉದಾಹರಣೆ ಅವರಿಗೇ ತಿರುಗಿ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಂಜಿನ್ ಹಳೆಯದಾದಂತೆ ಒಳಗಿನ ಸಂದು ಅಗಲವಾಗುತ್ತದೆ, ತೆಳು ಎಣ್ಣೆ ಅಲ್ಲಿ ನಿಲ್ಲದು ಎಂದು ಏನೋ ಹೇಳಲು ನೋಡಿದರು. ಅಷ್ಟರಲ್ಲಿ ಆ ಟೆಂಪೋ ಚಾಲಕ, ಅವನೂ ಅಲ್ಲೇ ನಿಂತಿದ್ದ, ನಡುವೆ ಬಾಯಿ ಹಾಕಿದ. “ಹಿರ್ಯಾರ, ಬೀಗರ ನಿಮಗ ಕಡಿಮಿ ರೇಟಿಂದು ಕೊಡ್ತೇನಿ ಅಂತಾರ, ಸುಮ್ನ ತಗೊಂಡು ಹೋಗ್ರಿ. ಬೀಗತನದಾಗ ಇಂಥಾ ಲಾಭ ಎಲ್ಲೆ ಸಿಗತೈತಿ?”

ಇಬ್ಬರು ಮೂವರು ನಕ್ಕರು. ಅಪ್ಪನ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ.

“ಮಗಳನ್ನ ಕೊಟ್ಟ ಮನಿಗೆ ನಾ ಕಡಿಮಿದು ಕೇಳಾಕ ಬಂದಿಲ್ಲ,” ಎಂದ ಮೆಲ್ಲಗೆ. “ನನ್ನ ಎತ್ತಿಗೆ ನಾ ಎಂದೂ ಕಡಿಮಿದು ಕುಡಿಸಿಲ್ಲ. ನನಗ ಕೊಳ್ಳೂ ತಾಕತ್ತಿಲ್ಲ ಅಂತ ನೀವು ತಿಳಿದ್ರೆ ತಿಳ್ಕೋರಿ.”

“ಬೀಗರ, ಹಂಗಲ್ಲರಿ…”

ಅಪ್ಪ ಆಗಲೇ ಮೆಟ್ಟಿಲು ಇಳಿದಿದ್ದ. ಚಹಾ ಬಂತು. ಕುಡಿಯುವವನು ಇರಲಿಲ್ಲ. ಮುಂದಿನ ಗಲ್ಲಿಯ ಅಂಗಡಿಯಲ್ಲಿ ಅವನು ಝೀರೋ-ಟ್ವೆಂಟಿಯ ಡಬ್ಬಿಗಳನ್ನು ಕೊಂಡು, ಎಲ್ಲರಿಗೂ ಕಾಣುವ ಹಾಗೆ ಹೆಗಲ ಮೇಲೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದನಂತೆ. ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಊರಲ್ಲಿ ಹೇಳಿದ ಸುದ್ದಿ ಎರಡು ದಿನದಲ್ಲಿ ನನಗೆ ಮುಟ್ಟಿತು. ಮುಂದೆ ಪಂಚಮಿ ಇತ್ತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ನನ್ನನ್ನು ಕರೆಯಲು ಯಾರಾದರೂ ಬರುವರೋ ಇಲ್ಲವೋ ತಿಳಿಯದಾಯಿತು. ನಾನು ಯಾರ ಪಕ್ಷ ಹಿಡಿಯಲಿ? ಇಬ್ಬರದೂ ಸರಿಯೇ ಇತ್ತು.

ಮಾವನವರು ಆ ದಿನಗಳಲ್ಲಿ ಗಿರಾಕಿಗಳ ಜೊತೆ ಕಡಿಮೆ ಮಾತಾಡಿದರು. ಒಂದು ಮಧ್ಯಾಹ್ನ ಮನೆಗೆ ಬಂದು ಊಟ ಮಾಡುತ್ತಿದ್ದವರು ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ತೊಡೆ ತಟ್ಟಿಕೊಂಡರು. “ತುಪ್ಪ!”

“ಬೇಕೇನ್ರಿ? ಹಾಕ್ಲಿ?” ಎಂದರು ಅತ್ತೆ.

“ಬ್ಯಾಡ. ಎಣ್ಣಿಗಿಂತ ತುಪ್ಪ ತುಟ್ಟಿ ಹೌದಲ್ಲೋ? ಮತ್ತ ಎತ್ತಿಗೆ ತುಪ್ಪ ಯಾಕ ಕುಡಿಸ್ಲಿಲ್ಲ ಬೀಗರು? ಎತ್ತಿಗೆ ಯಾವುದು ಬೇಕೋ ಅದು! ಇದನ್ನ ಅವತ್ತ ಹೇಳಬೇಕಾಗಿತ್ತು.” ಸಂಜೆಯೊಳಗೆ ಆ ಮಾತನ್ನು ಎಡಗಡೆಯ ಅಂಗಡಿಯವರಿಗೆ, ಬಲಗಡೆಯವರಿಗೆ, ಚಹಾದವನಿಗೆ ಹೇಳಿ ಮುಗಿಸಿದ್ದರು. ಅದನ್ನು ಕೇಳಬೇಕಾದವನೊಬ್ಬ ಮಾತ್ರ ತಿಕೋಟಾದಲ್ಲಿದ್ದ, ಕೂಗಿದರೆ ಕೇಳದಷ್ಟು ದೂರ.

ಆಮೇಲೆ ನನ್ನ ತಮ್ಮನ ಫೋನು ಬಂತು. “ಅಕ್ಕಾ, ನಾ ಹೇಳೇನಿ ಅಂತ ಹೇಳಬ್ಯಾಡ. ಗಾಡಿ ಬಿಸಿ ಆದ ಮ್ಯಾಲ, ನಿಂತಲ್ಲೆ ಚಾಲೂ ಇಟ್ರ, ಆಯಿಲಿನ ಕೆಂಪು ದೀಪ ಮಿಣಮಿಣ ಅಂತೈತಿ. ಕಟಕಟ ಸಪ್ಪಳಾನೂ ಬರಾಕತ್ತೈತಿ. ಅಪ್ಪಗ ಹೇಳಿದ್ರ, ಒಳ್ಳೇ ಆಯಿಲ್ ಹೊಸದಾಗಿ ಬಿದ್ದೈತಿ, ಹೊಂದ್ಕೊಳ್ಳಾಕ ದಿನಾ ಬೇಕು ಅಂತಾನ. ನಾಳೆ ಇಡೀ ತೋಟಕ್ಕ ಔಷಧ ಹೊಡೀಬೇಕಂತ.”

ನಾನು ಫೋನು ಇಟ್ಟು, ಕೇಳಿದ್ದನ್ನು ಹಾಗೇ ಮಾವನವರಿಗೆ ಹೇಳಿದೆ. “ನಾಳೆ ದುಡಿಸಿದ್ರ ಇಂಜಿನ್ ಉಳಿಯಂಗಿಲ್ಲ,” ಎಂದರು. ಒಂದು ಫಿಲ್ಟರು ತೆಗೆದರು, ಟ್ವೆಂಟಿ-ಫಾರ್ಟಿಯ ಕ್ಯಾನು ತೆಗೆದರು, ಬೋಲ್ಟು ಬಿಚ್ಚುವ ಒಂದು ಪಾನಾ ತೆಗೆದರು, ಎಲ್ಲವನ್ನೂ ಸಂತೆಯ ಚೀಲದಲ್ಲಿ ಹಾಕಿದರು. ಹಾಡುಹಗಲು ಅಂಗಡಿಯ ಬಾಗಿಲು ಎಳೆದರು. “ನಡಿ ಬೇ,” ಎಂದರು.

ಬಸ್ಸಿನಲ್ಲಿ ಅವರು ತುಪ್ಪದ ಮಾತನ್ನು ಒರೆಗೆ ಹಚ್ಚುತ್ತಿದ್ದರು. ಮೊದಲು ಹೀಗೆ ಕೇಳಬೇಕು, ಅವರು ಹೀಗೆ ಅಂದರೆ ಹೀಗೆ ಅನ್ನಬೇಕು. ಪಕ್ಕದಲ್ಲಿ ಕೂತ ಅಜ್ಜನೊಬ್ಬ, ಪರಿಚಯವೇ ಇಲ್ಲದವನು, ಅದನ್ನೆಲ್ಲ ಕೇಳಿ, “ಖರೆ ಐತಿ ನೋಡ್ರಿ,” ಎಂದು ತೀರ್ಪು ಕೊಟ್ಟ. ಮಾವನವರಿಗೆ ಧೈರ್ಯ ಬಂತು.

ಗಂಡಿನ ಕಡೆಯ ಬೀಗರು ಹೇಳದೆ ಕೇಳದೆ, ಚೀಲ ಹೊತ್ತು, ಬಿಸಿಲಲ್ಲಿ ನಡೆದು ಹೆಣ್ಣಿನ ಮನೆಯ ಅಂಗಳಕ್ಕೆ ಬರುವುದು ನಮ್ಮಲ್ಲಿ ಇಲ್ಲ. ಅವ್ವ ಬಾಗಿಲಲ್ಲಿ ನೋಡಿ, “ಅಯ್ಯ ಯಪ್ಪಾ, ಒಂದು ಮಾತು ಹೇಳಿ ಕಳಿಸಿದ್ರ ಹೋಳಿಗಿ ಮಾಡತಿದ್ನೆಲ್ರಿ!” ಎನ್ನುತ್ತ ಸೆರಗು ಹೊದ್ದು ಒಳಗೆ ಓಡಿದಳು. ಅಪ್ಪ ಕಟ್ಟೆಯ ಮೇಲಿಂದ ಎದ್ದು ನಿಂತ. ಬರ್ರಿ ಎನ್ನಲಿಲ್ಲ.

ಮಾವನವರು ಬಾಯಿ ತೆರೆದರು. ಅಂಗಳದಲ್ಲಿ ತಮ್ಮ ಇದ್ದ, ತೋಟದ ಕೆಲಸದ ಇಬ್ಬರು ಹೆಂಗಸರು ಇದ್ದರು. ತುಪ್ಪದ ಮಾತು ಬಿದ್ದರೆ ಅವರೆಲ್ಲರ ಮುಂದೆ ಬೀಳುತ್ತಿತ್ತು. ಅದೇ ಹೊತ್ತಿಗೆ ಮಾವನವರ ಕಣ್ಣು ದನದ ಕೊಟ್ಟಿಗೆಯ ಕಡೆಗೆ ಹೋಯಿತು. ಅಲ್ಲಿ ಎತ್ತು ಇರಲಿಲ್ಲ, ಎರಡು ಗೂಟಗಳಿದ್ದವು. ಆ ಖಾಲಿ ಗೂಟಗಳಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಮಗ್ಗುಲಿಗೇ ನಿಂತ ಟ್ರ್ಯಾಕ್ಟರಿನ ಮೂತಿಗೂ ಹಚ್ಚಿತ್ತು. ಗೋಡೆಯ ಮೊಳೆಗೆ ಗೊಟ್ಟ ತೂಗುತ್ತಿತ್ತು; ಅದಕ್ಕೆ ಕಟ್ಟಿದ ಹೂವು ಬಾಡಿ ಒಣಗಿತ್ತು.

ಅವರು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮುಚ್ಚಿದ್ದನ್ನೂ ನೋಡಿದೆ.

“ಬೀಗರ,” ಎಂದರು ಆಮೇಲೆ, ಬೇರೆಯೇ ದನಿಯಲ್ಲಿ. “ಹೊನ್ನುಗ್ಗಿ ದಿವಸ ನಿಮ್ಮನ್ನ ಬರಿಗೈಲೆ ಕಳಿಸಿದೆ. ಅದು ನನಗ ನೆಟ್ಟಗ ಅನಿಸಿಲ್ಲ. ಆಯಿಲ್ ತಂದೇನಿ. ಆದ್ರ ಕುಡಿಸೋದು ಹೆಂಗ ಅಂತ ನನಗ ಗೊತ್ತಿಲ್ಲ. ಪ್ಯಾಟಿ ಮನಷ್ಯಾ. ನೀವ ತೋರಿಸಬೇಕು.”

ಅಪ್ಪ ಟ್ರ್ಯಾಕ್ಟರಿನ ಕಡೆ ನೋಡಿದ. “ಇದರಾಗ ಈಗ ಐತಲ್ರಿ ಆಯಿಲ್,” ಎಂದ.

“ಅದನ್ನ ನಾ ತಗಿತೇನಿ.”

ಹೇಳಿದವರೇ ಗಾಡಿ ಚಾಲೂ ಮಾಡಿಸಿ ಎಣ್ಣೆ ಬಿಸಿ ಮಾಡಿಸಿದರು, ಬಂದ್ ಮಾಡಿಸಿದರು, ಒಂದು ಅಗಲ ತಗಡಿನ ಬುಟ್ಟಿ ಇಸಿದುಕೊಂಡು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿಬಿಟ್ಟರು. ಆ ಬಿಳಿ ಧೋತರದಲ್ಲಿ. ತಮ್ಮ ಓಡಿ ಬಂದು, “ಮಾವಾರ, ನಾ ತಗಿತೇನ್ರಿ, ಏಳ್ರಿ,” ಎಂದ. ಅಪ್ಪ ಗಾಬರಿಯಾಗಿ ಬಗ್ಗಿದ. “ಬೀಗರ, ಏಳ್ರಿ ಮ್ಯಾಲ! ಮಂದಿ ನೋಡಿದ್ರ ನನಗ ಏನಂದಾರು!”

ಕೆಳಗಿನಿಂದ ದನಿ ಬಂತು. “ಬೀಗರ ಕಡಿಂದ ಚಾಕರಿ ಮಾಡಿಸ್ಕೊಳ್ಳಾಕತ್ತೇನಿ ಅಂತ ಹೇಳ್ರಿ. ಇಂಥಾ ಲಾಭ ಎಲ್ಲೆ ಸಿಗತೈತಿ?”

ಮೊದಲು ನಕ್ಕವಳು ಅವ್ವ, ಒಳಗಿನಿಂದ. ಆಮೇಲೆ ಅಪ್ಪ ನಕ್ಕ.

ತುಟ್ಟಿ ಎಣ್ಣೆ ಬುಟ್ಟಿಗೆ ಸರ್ರನೆ ಇಳಿಯಿತು, ತೆಳ್ಳಗೆ, ಚಹಾದಂತೆ. ಅಪ್ಪ ನೋಡುತ್ತ ನಿಂತ. “ಇಷ್ಟು ರೊಕ್ಕದ್ದು, ಚೆಲ್ಲಬೇಕೇನ್ರಿ?”

“ಯಾಕ ಚೆಲ್ತೀರಿ? ಬಾಗಲಾ ತಿರುಗಣಿಗೆ ಹಾಕ್ರಿ, ವರ್ಷಗಟ್ಲೆ ಬರ್ತೈತಿ. ತಿಕೋಟಾದಾಗ ನಿಮ್ಮ ಬಾಗಲದಷ್ಟು ತುಟ್ಟಿ ಬಾಗಲಾ ಇನ್ನೊಂದು ಇರಂಗಿಲ್ಲ.”

ಗೊಟ್ಟವನ್ನು ಮಾವನವರು ಹಾಗೇ ಬಳಸಲು ಬಿಡಲಿಲ್ಲ. ಬೆರಳು ಹಾಕಿ ನೋಡಿ, ಹಳೆಯ ಅರಿಶಿನ ಅಂಟಿದೆ ಎಂದು ಬಿಸಿನೀರಲ್ಲಿ ತೊಳೆಸಿದರು, ದ್ರಾಕ್ಷಿ ಒಣಗಿಸುವ ಶೆಡ್ಡಿನ ತಗಡಿನ ಮೇಲೆ ಬಿಸಿಲಿಗೆ ಇಡಿಸಿದರು. ಅದು ಪೂರಾ ಒಣಗುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ಒಳಗೆ ನೀರಿನ ಪಸೆ ಇದ್ದರೂ ಇಂಜಿನ್ನಿಗೆ ಕೆಡುಕು ಎಂದು ಒಬ್ಬರು, ಎತ್ತಿಗೂ ಹಂಗೇ, ಗಂಟಲಿಗೆ ಹಿಡಿಯುತ್ತದೆ ಎಂದು ಇನ್ನೊಬ್ಬ. ಆಮೇಲೆ ಮಾವನವರು ಅದಕ್ಕೆ ಸ್ವಲ್ಪ ಹೊಸ ಎಣ್ಣೆ ಆಡಿಸಿ ಚೆಲ್ಲಿ, ತುಂಬಿ, ಎರಡೂ ಕೈಯಲ್ಲಿ ಅಪ್ಪನಿಗೆ ಕೊಟ್ಟರು.

ಅಪ್ಪ ಎಡಗೈಯನ್ನು ಬಾನೆಟ್ಟಿನ ಮೇಲೆ, ಎತ್ತಿನ ಹಣೆಯ ಮೇಲೆ ಇಡುವಂತೆ, ಇಟ್ಟ. ಗೊಟ್ಟವನ್ನು ನಿಧಾನವಾಗಿ ಬಗ್ಗಿಸಿದ. ಎಣ್ಣೆ ದಪ್ಪಗೆ, ಸದ್ದಿಲ್ಲದೆ ಇಳಿಯಿತು. ಮತ್ತೊಂದು ಗೊಟ್ಟ ತುಂಬುವಾಗ ಅವನು ಹೇಳಿದ್ದು ಇದು. ನಾನು ಒಂದು ಶಬ್ದವನ್ನೂ ಸೇರಿಸುತ್ತಿಲ್ಲ.

“ಬೀಗರ, ಎತ್ತಿಗೆ ತುಪ್ಪ ಯಾಕ ಕುಡಿಸಂಗಿಲ್ಲ ಗೊತ್ತೈತೇನ್ರಿ?”

ಮಾವನವರು ಕ್ಯಾನಿನಿಂದ ತಲೆ ಎತ್ತಿದರು. “ಯಾಕ್ರಿ?”

“ತುಟ್ಟಿ ಅಂತ ಅಲ್ಲ. ಅದಕ್ಕ ಒಗ್ಗೂದಿಲ್ಲ. ಒಂದೊಂದು ಜೀವಕ್ಕ ಒಂದೊಂದು. ನಿಮ್ಮ ಆಯಿಲಿಂದೂ ಹಂಗ ಇರಬೇಕು, ನೋಡ್ರಿ.”

“ಹೌದೇನ್ರಿ?” ಎಂದರು ಮಾವನವರು. “ಈ ಮಾತು ನನಗ ಹೊಳೆದಿರಲಿಲ್ಲ ಬಿಡ್ರಿ.”

ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಗಾಡಿ ಚಾಲೂ ಮಾಡಿದಾಗ ಮಾವನವರು ಒಂದು ಕೋಲಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದರು. ಬಿಸಿಯಾದ ಮೇಲೂ ಕೇಳಿದರು. ಕೆಂಪು ದೀಪ ಹತ್ತಲಿಲ್ಲ. “ಉಳದೈತಿ,” ಎಂದರು. ಅದು ಇಂದಿಗೂ ಓಡುತ್ತಿದೆ. ಆ ವರ್ಷ ಪಂಚಮಿಗೆ ನನ್ನನ್ನು ಕರೆಯಲು ತಮ್ಮ ಬರಲಿಲ್ಲ, ಅಪ್ಪನೇ ಬಂದ.

ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದೆ: “ಮಾವಾರ, ತುಪ್ಪದ ಮಾತು ನಮ್ಮದು ಅಂತ ಹೇಳಬೇಕಿಲ್ಲೇನ್ರಿ?”

“ಹೇಳಬೇಕಾದ್ದು ಹೇಳಿ ಆತಲ್ಲ ಬೇ. ಯಾರ ಬಾಯಿಂದ ಬಂದ್ರೇನು?” ಎಂದರು. ಸ್ವಲ್ಪ ಹೊತ್ತಾದ ಮೇಲೆ, ತಡೆಯಲಾರದೆ, “ಆದ್ರ ನಾ ಇನ್ನೂ ಚಂದ ಹೇಳತಿದ್ದೆ,” ಎಂದರು. ಮನೆಯಲ್ಲಿ ಧೋತರ ನೋಡಿದ ಅತ್ತೆ, ಯಾವ ಗಟಾರದಲ್ಲಿ ಬಿದ್ದಿದ್ದಿರಿ ಎಂದರೆ, ಬೀಗರ ಮನೆಯಲ್ಲಿ ಊಟ ಜೋರಿತ್ತು ಎಂದರು.

ಇನ್ನು ಆ ದಿನದ ಮಾತು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಬಿಸಿಲು ಒಳಗೆ ಬರುತ್ತಿದೆ, ಪರದೆ ಸ್ವಲ್ಪ ಇಳಿಸು ಎಂದರು. ನಾನು ಬಾಗಿಲಿಗೆ ಹೋಗಿ ಇಳಿಸಿದೆ. ತಿರುಗಿ ನೋಡಿದಾಗ ಅವರು ಬ್ಯಾರಲ್ಲಿಗೆ ಕಿವಿ ಹಚ್ಚಿ ನಿಂತಂತೆ ಒರಗಿದ್ದರು, ಕಣ್ಣು ಮುಚ್ಚಿತ್ತು. ಎಣ್ಣೆ ಎಷ್ಟಿದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಮಾತಾಡಬಾರದು ಎಂದು ನಿಂತಲ್ಲೇ ನಿಂತೆ. ಎಷ್ಟು ಹೊತ್ತು ನಿಂತೆ, ಹೇಳಲಾರೆ. ಬಡಿಯುವ ಸಪ್ಪಳ ಬರಲಿಲ್ಲವಲ್ಲ ಎಂದು ಹೊಳೆದಾಗ ಹತ್ತಿರ ಹೋದೆ. ಡಾಕ್ಟರು ಬಂದು ನೋಡಿ, ಒರಗುವ ಮೊದಲೇ ಎಲ್ಲ ಮುಗಿದಿತ್ತು, ಅವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ ಎಂದರು. ನಾನು ಕಂಡದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಯಾರಾದರೂ ಹೇಳಿದರೆ ಅದು ನಾನು ಹೇಳಿದ್ದಲ್ಲ.

ದಿನಕರ್ಮ ಮುಗಿದ ಮೇಲೆ ಅಂಗಡಿಯ ಮಾತು ಬಂತು. ಬಾಡಿಗೆಗೆ ಕೊಟ್ಟುಬಿಡಿ ಎಂದರು ಕೆಲವರು. “ಹೆಣ್ಣಮಗಳು ಬ್ಯಾರಲ್ ಹೊರಳಸ್ತಾಳೇನು?” ಎಂದರು ನನ್ನ ಗಂಡನ ಕಾಕಾ. ಅಪ್ಪ ಮೂಲೆಯಲ್ಲಿ ಕೂತಿದ್ದ. ಬೀಗರ ಮನೆಯ ಪಂಚಾಯಿತಿಯಲ್ಲಿ ಅವನು ಬಾಯಿ ಹಾಕುವ ಹಾಗಿಲ್ಲ. ಬಾಯಿ ಹಾಕಲೂ ಇಲ್ಲ. “ಅಂಗಡಿ ಸೋಮವಾರ ತಗಿತೇನ್ರಿ,” ಎಂದು ನಾನೇ ಹೇಳಿದೆ. ನನ್ನ ಗಂಡ, “ತೆಗಿ,” ಎಂದರು.

ಸೋಮವಾರ ನಾನು ಬೀಗ ತೆಗೆಯುವ ಮೊದಲೇ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಅವನದೇ ಮೊದಲ ವ್ಯಾಪಾರ. “ಯವ್ವಾ, ನನ್ನ ಗಾಡಿಗೆ ಯಾವುದು ಅಂತೀಯೋ ಅದು,” ಎಂದ. ಕೊಟ್ಟೆ. ಬೆಲೆ ಕೇಳದೆ ರೊಕ್ಕ ಕೊಟ್ಟು, ಹೋಗದೆ, ಸ್ಟೂಲಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಬಬಲೇಶ್ವರದ ಹಳೆಯ ಗಿರಾಕಿಯೊಬ್ಬರು ಬಂದರು. ಅವರ ಜೀಪಿಗೆ ವರ್ಷಗಳಿಂದ ನಮ್ಮಲ್ಲೇ ಟ್ವೆಂಟಿ-ಫಾರ್ಟಿ ಒಯ್ಯುತ್ತಿದ್ದವರು. ಮಾವನವರ ಸುದ್ದಿಗೆ ಕಣ್ಣು ಒರೆಸಿಕೊಂಡು, ಅದನ್ನೇ ಕೊಡು ತಂಗಿ ಎಂದರು. ಹೊರಗೆ ನಿಂತದ್ದು ಜೀಪಲ್ಲ, ಹೊಸ ಕಾರು.

“ಕಾಕಾರ, ಇದಕ್ಕ ಅದು ಆಗೂದಿಲ್ರಿ. ಹೊಸಾ ಇಂಜಿನ್, ಒಳಗ ಸಂದು ಸಣ್ಣವು. ದಪ್ಪ ಆಯಿಲ್ ಬೆಳಿಗ್ಗೆ ಚಾಲೂ ಮಾಡಿದಾಗ ಮ್ಯಾಲ ಮುಟ್ಟೂದು ತಡಾ ಆಗ್ತೈತಿ. ತೆಳ್ಳಂದು ಹಾಕಸ್ರಿ. ತುಟ್ಟಿ ಐತಿ ಖರೆ, ಆದ್ರ ಇದಕ್ಕ ಅದ ಬೇಕು.”

ಅವರು ನನ್ನನ್ನೂ ಮೇಲಿನ ಹಲಗೆಯನ್ನೂ ನೋಡಿದರು. “ನಿಮ್ಮ ಮಾವ ಇದ್ದಾಗ ಕಡಿಮಿದು ಕೊಟ್ಟು ಕಳಸ್ತಿದ್ರು. ನೀ ಗಾದಿ ಮ್ಯಾಲ ಕುಂತ ಮೊದಲನೇ ದಿನಾನ ತುಟ್ಟಿದ್ದು ಕಟ್ಟಾಕ ನಿಂತಿ. ಆತು ಬಿಡವ್ವಾ,” ಎಂದು ಇಳಿದು ಹೋದರು. ಕಾರು ಗಲ್ಲಿಯ ತುದಿಯಲ್ಲಿ ಹೊರಳಿತು.

ಕರೆದು ಅವರು ಕೇಳಿದ್ದನ್ನೇ ಕೊಟ್ಟುಬಿಡಬಹುದಾಗಿತ್ತು. ಕರೆಯಲಿಲ್ಲ.

ಅಪ್ಪ ಮೀಸೆಯಲ್ಲೇ ನಕ್ಕ. “ಹೋಗ್ಲಿ ಬಿಡು. ನಾನೂ ಹಿಂಗ ಹೋಗಿದ್ದೆ. ಬರ್ತಾರ.”

“ಬರದಿದ್ರ?”

“ಬರದಿದ್ರ ನೀನ ಹೋಗು,” ಎಂದ. “ಬಬಲೇಶ್ವರ ಏನು ದೂರ ಐತಿ?”